ಕೆನ್ಯನ್ ಲೇಖನ ವಾಪಸ್ ಕಳಿಸ್ತಿದೀನಿ, ತಿದ್ದಿ ಕೊಡಿ

ನಮಸ್ಕಾರ. ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಬಗ್ಗೆ ನೀವು ಕಳ್ಸಿದ ಲೇಖನ ಪೂರ್ತಿ ಓದ್ದೆ. ಬೇಜಾರ್ ಮಾಡ್ಕೋಬೇಡಿ, ಈಗಿರೋ ಹಾಗೆ ಹಾಕೋಕಾಗಲ್ಲ. 1906ರಲ್ಲಿ ಹುಟ್ಟಿದ್ರು, ಅಪ್ಪ ಬ್ರಿಟಿಷ್ ಮ್ಯೂಸಿಯಂ ಡೈರೆಕ್ಟರ್, ಆಕ್ಸ್‌ಫರ್ಡಲ್ಲಿ ಓದು, ಅಲ್ಲೇ ಒಂದು ಕಾಲೇಜಿಗೆ ಪ್ರಿನ್ಸಿಪಾಲ್, 1973ರಲ್ಲಿ ಬ್ರಿಟನ್ನಿನ ಡೇಮ್ ಬಿರುದು, 1978ರಲ್ಲಿ ತೀರ್ಕೊಂಡ್ರು... ಎಲ್ಲಾ ಸರಿ, ಆದ್ರೆ ಬಯೋಡೇಟಾ ಥರ ಇದೆ ಕಣ್ರೀ. ಮಣ್ಣಲ್ಲಿ ಕೂತು ಏನ್ ಮಾಡ್ತಿದ್ರು ಅನ್ನೋದೇ ಇಲ್ಲ.

ಅವ್ರು ಅಗೆದ ಪ್ಯಾಲೆಸ್ಟೈನಿನ ಹಳೇ ಊರು ಜೆರಿಕೋನ ಮೂರು ಸಾಲಲ್ಲಿ ಮುಗಿಸಿಬಿಟ್ಟಿದೀರ! ಇಸ್ರೇಲರ ನಾಯಕ ಯೆಹೋಶುವನ ಜನ ಏಳು ದಿನ ಊರು ಸುತ್ತಿ ಕೊಂಬೂದಿ ಕೂಗಿದಾಗ ಗೋಡೆ ಬಿತ್ತು ಅನ್ನೋ ಬೈಬಲ್ ಕಥೆ ಇದ್ಯಲ್ಲ, 1930ರ ದಶಕದಲ್ಲಿ ಜಾನ್ ಗಾರ್ಸ್ಟಾಂಗ್ ಅನ್ನೋ ಪುರಾತತ್ವಜ್ಞ ಅಲ್ಲಿ ಅಗೆದು ಬಿದ್ದ ಗೋಡೆ ತೋರ್ಸಿ ಇದೇ ಅದು ಅಂದಿದ್ರು, 1952ರಿಂದ 58ರವರೆಗೆ ಕೆನ್ಯನ್ ಅದೇ ದಿಬ್ಬದಲ್ಲಿ ಆಳಕ್ಕೆ ಟ್ರೆಂಚ್ (ಉದ್ದನೆ ಅಗೆತದ ಗುಂಡಿ) ಇಳಿಸಿ, ಗೋಡೆಗೆ ತಾಗಿದ ಮಣ್ಣಿನ ಪದರಗಳು, ಅದ್ರಲ್ಲಿದ್ದ ಮಡಕೆ ಚೂರು ನೋಡಿ, ಇದು ಗಾರ್ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೇದು ಅಂದ್ರು. ನೀವು 'ಬೈಬಲ್ ಸುಳ್ಳೆಂದು ಸಾಬೀತು ಮಾಡಿದ ದಿಟ್ಟೆ' ಅಂತ ಬರ್ದಿದೀರ, ಆ ಸಾಲು ಕಿತ್ತಾಕಿ. ಅವ್ರು ಹೇಳಿದ್ದು ಗೋಡೆ ವಯಸ್ಸು, ಜೊತೆಗೆ ಯೆಹೋಶುವನದ್ದು ಅನ್ನೋ ಕಾಲದಲ್ಲಿ ಅಲ್ಲಿ ಕೋಟೆ ಇದ್ದಿದ್ದಕ್ಕೆ ಗುರುತು ಸಿಗ್ಲಿಲ್ಲ ಅಂತ. ಅಷ್ಟೇ.

ಶುರು ಮಾಡೋದಾದ್ರೆ ಜೆರಿಕೋದ 1953ರ ಅಗೆತದಿಂದ ಮಾಡಿ. ಟ್ರೆಂಚ್ ಪಕ್ಕದ ಮಣ್ಣಲ್ಲಿ ತಲೆಬುರುಡೆ ಇಣುಕ್ತಿತ್ತು, ಆದ್ರೂ ಪದರಗಳ ಚಿತ್ರ ಬರೆದು ಮುಗಿಯೋವರೆಗೂ ಆ ಬದಿ ಕೆಡಿಸೋ ಹಾಗಿಲ್ಲ ಅನ್ನೋದು ಕೆನ್ಯನ್ ಶಿಸ್ತು, ಸೀಸನ್ ಕೊನೇಲಿ ತೆಗೆದ್ರೆ ಗಾರೆ ಮೆತ್ತಿ ಮೂಗು ಬಾಯಿ ತಿದ್ದಿ ಕಣ್ಣಿಗೆ ಚಿಪ್ಪು ಕೂರಿಸಿದ ಮುಖ, ಅದ್ರ ಹಿಂದೆ ಇನ್ನೂ ಇದ್ವು, ಒಟ್ಟು ಏಳು! ಇಂಥದ್ದನ್ನ ಬಿಟ್ಟು ಬಿರುದು ಪಟ್ಟಿ ಯಾಕ್ರೀ?

ಈ ಶಿಸ್ತು ಅವ್ರು ಕಲ್ತಿದ್ದು ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಹತ್ರ, 1930ರ ದಶಕದಲ್ಲಿ, ಇಂಗ್ಲೆಂಡಿನ ಹಳೇ ರೋಮನ್ ಊರು ವೆರುಲೇಮಿಯಂ ಅಗೆತದಲ್ಲಿ. ಅದೇ ವ್ಹೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರಿ ಅಗೆಸಿದ್ದು. ಕನ್ನಡದಲ್ಲಿ ಬರೀತಾ ಇದನ್ನ ಹೇಗ್ರೀ ಬಿಟ್ರಿ?

ಇನ್ನೊಂದು, ನೀವು ಬರ್ದಿರೋ ಕೆನ್ಯನ್‌ಗೆ ಒಂದು ಕೊರತೆನೂ ಇಲ್ಲ. 1961ರಿಂದ 67ರವರೆಗೆ ಜೆರುಸಲೇಮಲ್ಲಿ ಅಗೆದಿದ್ದರ ಪೂರ್ತಿ ವರದಿ ಸಾಯೋ ಹೊತ್ತಿಗೂ ಮುಗಿದಿರ್ಲಿಲ್ಲ, ಜೆರಿಕೋ ವರದಿಯ ಕೊನೆ ಸಂಪುಟಗಳೂ ಅವ್ರು ಹೋದ್ಮೇಲೇ ಬಂದಿದ್ದು. ಅಗೆದ ಜಾಗ ಮತ್ತೆ ಮೊದಲಿನ ಹಾಗೆ ಸಿಗಲ್ವಲ್ಲ, ವರದಿ ಇಲ್ಲಾಂದ್ರೆ ಬೇರೆಯವ್ರು ಪರೀಕ್ಷೆ ಮಾಡೋದು ಹೇಗೆ? ಇದನ್ನೂ ಬರೀರಿ, ಮುಲಾಜು ಬೇಡ. ಡೇಮ್ ಬಿರುದು, ಕಾಲೇಜು ಹುದ್ದೆ ಎಲ್ಲಾ ಪಕ್ಕದ ಬಾಕ್ಸಿಗೆ ಹಾಕೋಣ, ತಿದ್ದಿದ್ದು ಕಳ್ಸಿ.