ಓದುಗರ ಪ್ರಶ್ನೆ, ಬಲ್ಲವರ ಉತ್ತರ: ತಾಮ್ರವನ್ನು ಹೊರದಬ್ಬುವ ಬ್ಯಾಕ್ಟೀರಿಯಾ

ಪ್ರಶ್ನೆ: ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವಂತೆ. ಅವಕ್ಕೆ ಬದುಕಲು ತಾಮ್ರ ಬೇಕೆಂದೂ ಓದಿದ್ದೇನೆ. ಎರಡೂ ಹೇಗೆ ನಿಜ? (ಮಲ್ಲೇಶ್ವರದ ಓದುಗರು)

ಎರಡೂ ನಿಜವೇ. ನಮ್ಮ ಕರುಳಿನಲ್ಲಿ ಬದುಕುವ ಇ. ಕೋಲಿ ಬ್ಯಾಕ್ಟೀರಿಯಾವನ್ನು ತೆಗೆದುಕೊಳ್ಳಿ. ಉಸಿರಾಟದ ಕೊನೆಯ ಹಂತದ ಸೈಟೋಕ್ರೋಮ್ ಆಕ್ಸಿಡೇಸ್‌ಗೆ ತಾಮ್ರ ಬೇಕು. ಆ ಕಿಣ್ವ ಇರುವುದು ಒಳಪೊರೆಯಲ್ಲಿ. ಆಮ್ಲಜನಕದ ಹಾನಿಕರ ರೂಪವೊಂದನ್ನು ನಿವಾರಿಸುವ, ಒಂದು ಬಗೆಯ ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ಗೂ ಬೇಕು. ಅದಿರುವುದು ಒಳಪೊರೆ-ಹೊರಪೊರೆಗಳ ನಡುವಿನ ಪೆರಿಪ್ಲಾಸಂನಲ್ಲಿ. ಅಂದರೆ ಕೋಶದ್ರವದ ಒಳಗೆ ತಾಮ್ರಕ್ಕೆ ಹೆಚ್ಚಿನ ಕೆಲಸವಿಲ್ಲ. ಅಲ್ಲಿಗೆ ನುಗ್ಗಿದರೆ ಕಿಣ್ವಗಳೊಳಗಿನ ಕಬ್ಬಿಣ-ಗಂಧಕದ ಗೊಂಚಲುಗಳಿಂದ ಕಬ್ಬಿಣವನ್ನು ಕಿತ್ತುಹಾಕುತ್ತದೆ. ಲ್ಯೂಸಿನ್, ವ್ಯಾಲಿನ್ ಎಂಬ ಅಮೈನೋ ಆಮ್ಲಗಳನ್ನು ತಯಾರಿಸುವ ಕಿಣ್ವಗಳು ಅಲ್ಲಿಗೇ ನಿಂತುಹೋಗುತ್ತವೆ.

ಆದ್ದರಿಂದ ಬ್ಯಾಕ್ಟೀರಿಯಾದ ಮುಖ್ಯ ಉಪಾಯ, ಬಂದದ್ದನ್ನು ಕೂಡಲೇ ಹೊರಹಾಕುವುದು. ಕ್ಯೂಆರ್ ಎಂಬ ಪ್ರೋಟೀನು ಒಂದೇ ಒಂದು ತಾಮ್ರದ ಅಯಾನನ್ನು ಹಿಡಿದರೂ ಸಾಕು, ಕಾಪ್‌ಎ ಎಂಬ ಪಂಪಿನ ಜೀನು ಚಾಲೂ ಆಗುತ್ತದೆ. ಈ ಕಾಪ್‌ಎ ಒಳಪೊರೆಯನ್ನು ಎಂಟು ಸಲ ಹೊಕ್ಕು ಹೊರಡುವ ಪ್ರೋಟೀನು. ಪೊರೆಯೊಳಗಿನ ಎರಡು ಸಿಸ್ಟೀನ್‌ಗಳು, ನಡುವೆ ಒಂದು ಪ್ರೋಲಿನ್ (ಇವೂ ಅಮೈನೋ ಆಮ್ಲಗಳೇ): ತಾಮ್ರ ಹಾದುಹೋಗುವಾಗ ಕಚ್ಚಿಕೊಳ್ಳುವ ಜಾಗ ಅದು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಫಾಸ್ಫೇಟು ಪಂಪಿನ ಒಂದು ಆಸ್ಪಾರ್ಟೇಟ್‌ಗೆ ಅಂಟಿದಾಗ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ, ಏಕವೇಲೆನ್ಸಿಯ (ಒಂದು ಧನ ಆವೇಶದ) ತಾಮ್ರ ಪೆರಿಪ್ಲಾಸಂಗೆ ಬೀಳುತ್ತದೆ. ನಮ್ಮ ಯಕೃತ್ತಿನಲ್ಲಿ ಕೆಟ್ಟರೆ ವಿಲ್ಸನ್ ಕಾಯಿಲೆ ತರುವ ಪಂಪೂ ಇದೇ ಕುಟುಂಬದ್ದು.

ಪೆರಿಪ್ಲಾಸಂನಲ್ಲಿ ಕ್ಯೂಒ ಎಂಬ ಕಿಣ್ವ ಅದನ್ನು ದ್ವಿವೇಲೆನ್ಸಿಗೆ ಉತ್ಕರ್ಷಿಸುತ್ತದೆ. ಆ ರೂಪ ಮತ್ತೆ ಒಳನುಸುಳುವುದು ಕಷ್ಟ. ಆದರೆ ಕ್ಯೂಒಗೆ ಆಮ್ಲಜನಕ ಬೇಕು, ಕರುಳಿನಲ್ಲಿ ಅದಕ್ಕೆ ಬರ. ಅಲ್ಲಿ ಕಸ್ ವ್ಯವಸ್ಥೆಯ ಸರದಿ: ಒಳಪೊರೆಯಲ್ಲಿ ಮೂರು ಕಸ್‌ಎ, ನಡುವೆ ಆರು ಕಸ್‌ಬಿ, ಹೊರಪೊರೆಯಲ್ಲಿ ಮೂರು ಕಸ್‌ಸಿ ಸೇರಿ ಎರಡೂ ಪೊರೆಗಳನ್ನು ದಾಟುವ ಒಂದೇ ಕೊಳವೆ. ಕಸ್‌ಎಫ್ ಎಂಬ ಪುಟ್ಟ ಪ್ರೋಟೀನು ತಾಮ್ರವನ್ನು ತಂದುಕೊಡುತ್ತದೆ. ಇದಕ್ಕೆ ಎಟಿಪಿ ಬೇಡ, ಪೊರೆಯ ಮೂಲಕ ಒಳಹರಿಯುವ ಪ್ರೋಟಾನುಗಳೇ ಶಕ್ತಿ.

ಇನ್ನು ಬಿಂದಿಗೆ. ಬೆಂಗಳೂರಿನಲ್ಲೇ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಿಂದ ಇ. ಕೋಲಿ, ಕಾಲರಾ, ಟೈಫಾಯಿಡ್ ಬ್ಯಾಕ್ಟೀರಿಯಾಗಳನ್ನು ಮತ್ತೆ ಬೆಳೆಸಲಾಗಲಿಲ್ಲ. ನೀರಿಗಿಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ. ಬರೀ ನೀರಿನಲ್ಲಿ ಪಂಪು ನಡೆಸುವಷ್ಟು ಆಹಾರವಿಲ್ಲ, ತಾಮ್ರವನ್ನು ಕಟ್ಟಿಹಾಕುವ ಅಮೈನೋ ಆಮ್ಲಗಳೂ ಇಲ್ಲ. ಬಗ್ಗಡದ ನೀರಿಗೆ ಈ ಲೆಕ್ಕ ಅನ್ವಯಿಸದು, ಸಾವಯವ ಕಸ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿಲುಬು ಬಂದರೆ ಹುಣಸೆಹಣ್ಣಿನಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಮಜ್ಜಿಗೆ, ನಿಂಬೆ ಪಾನಕಗಳನ್ನು ಮಾತ್ರ ಅದರಲ್ಲಿಡಬೇಡಿ. ಹುಳಿಗೆ ತಾಮ್ರ ಬಹಳ ಕರಗುತ್ತದೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಾಪ್‌ಎ ಇಲ್ಲದ ಇ. ಕೋಲಿಯನ್ನು 0.5 ಮಿಲಿಮೋಲಾರ್ ತಾಮ್ರವಿರುವ ಎಲ್‌ಬಿ ಅಗರ್ (ಪೋಷಕಾಂಶಭರಿತ ಮಾಧ್ಯಮ) ಮೇಲೆ ಹಾಕಿದೆ. ಮೂಲ ತಳಿಯಷ್ಟೇ ಚೆನ್ನಾಗಿ ಬೆಳೆಯಿತು. ಲವಣಗಳಿಂದ ಮಾಡಿದ ಎಂ9 ಮಾಧ್ಯಮಕ್ಕೆ ತಾಮ್ರ ಹಾಕಿದರೆ ಗಸಿ ಕೂತಿತು. ಏಕೆ? (ಯಲಹಂಕದ ವಿದ್ಯಾರ್ಥಿನಿ)

ತಳಿಯ ಮೇಲೆ ಅನುಮಾನ ಬೇಡ, ಪ್ರಮಾಣ ಸಾಲದು. ಎಲ್‌ಬಿಯ ಪೆಪ್ಟೈಡುಗಳು ತಾಮ್ರದ ಬಹುಪಾಲನ್ನು ಹಿಡಿದುಬಿಡುತ್ತವೆ. ಮೂಲ ತಳಿ ಅದರಲ್ಲಿ 3 ಮಿಲಿಮೋಲಾರ್ ಆಸುಪಾಸಿನವರೆಗೂ ತಡೆಯುತ್ತದೆ, ಕಾಪ್‌ಎ ಇಲ್ಲದ್ದು ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. 0, 0.5, 1, 1.5, 2, 3, 4 ಮಿಲಿಮೋಲಾರ್ ಹೀಗೆ ಸರಣಿ ಮಾಡಿ. ಪೆಂಟಾಹೈಡ್ರೇಟ್ ಮೈಲುತುತ್ತ (ತಾಮ್ರದ ಸಲ್ಫೇಟ್) 24.97 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರಿಗೆ ತಂದರೆ 1 ಮೋಲಾರ್ ದ್ರಾವಣ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಗರ್ ಸುಮಾರು 50 ಡಿಗ್ರಿಗೆ ತಣಿದ ಮೇಲೆ 100 ಮಿಲಿಲೀಟರಿಗೆ 100 ಮೈಕ್ರೋಲೀಟರ್ ಹಾಕಿದರೆ 1 ಮಿಲಿಮೋಲಾರ್. ಎರಡೂ ತಳಿಗಳನ್ನು ಒಂದೇ ಸಾಂದ್ರತೆಗೆ ತಂದು, ಹತ್ತು ಪಟ್ಟು ದುರ್ಬಲಗೊಳಿಸುತ್ತಾ ಹೋಗಿ, 5 ಮೈಕ್ರೋಲೀಟರಿನ ಬೊಟ್ಟಿಡಿ. ಹೆಚ್ಚು ಪ್ರಮಾಣದ ತಟ್ಟೆಗಳ ಪಿಎಚ್ ನೋಡಿಕೊಳ್ಳಿ. ಮೈಲುತುತ್ತ ಅದನ್ನು ಇಳಿಸುತ್ತದೆ, ಕೊನೆಗೆ ನೀವು ಆಮ್ಲದ ಪೆಟ್ಟನ್ನು ತಾಮ್ರದ ಲೆಕ್ಕಕ್ಕೆ ಬರೆದೀರಿ.

ಎಂ9ರ ಗಸಿ ತಾಮ್ರದ ಫಾಸ್ಫೇಟು. ಫಾಸ್ಫೇಟ್ ಕಡಿಮೆಯಿರುವ ಮಾಧ್ಯಮ ಆರಿಸಿ, ತಾಮ್ರವನ್ನೂ ಮೈಕ್ರೋಮೋಲಾರ್ ಮಟ್ಟಕ್ಕೆ ಇಳಿಸಿ. ಮುಂದೆ ಕಸ್ ಇಲ್ಲದ ತಳಿಯನ್ನೂ ಪರೀಕ್ಷಿಸುವುದಾದರೆ ಗಾಳಿಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ, ಕಾಪ್‌ಎ ಮತ್ತು ಕ್ಯೂಒ ನಿಭಾಯಿಸಿಬಿಡುತ್ತವೆ. ಆಮ್ಲಜನಕರಹಿತ ಜಾರ್ ಬಳಸಿ.

ಪ್ರಶ್ನೆ: ಟೊಮೇಟೊ ಎಲೆಚುಕ್ಕೆಗೆ ಕಾಪರ್ ಆಕ್ಸಿಕ್ಲೋರೈಡ್ ಹೊಡೆದರೂ ನಿಲ್ಲುತ್ತಿಲ್ಲ. ರೋಗಾಣುವಿಗೆ ತಾಮ್ರ ಅಭ್ಯಾಸವಾಗಿದೆಯೇ? (ದೊಡ್ಡಬಳ್ಳಾಪುರದ ಬೆಳೆಗಾರರು)

ಇರಬಹುದು. ಇಂಥ ರೋಗ ತರುವ ಬ್ಯಾಕ್ಟೀರಿಯಾಗಳಾದ ಸ್ಯಾಂಥೊಮೊನಾಸ್, ಸ್ಯೂಡೊಮೊನಾಸ್‌ಗಳ ಕೆಲವು ತಳಿಗಳಲ್ಲಿ ತಾಮ್ರ ತಡೆಯುವ ಜೀನುಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕಿನ ಮೇಲೆ ಕೂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಆದರೆ ಮೊದಲು ಸಿಂಪಡಣೆಯ ಹೊತ್ತು ನೋಡಿ: ತಾಮ್ರ ಎಲೆಯ ಮೇಲ್ಮೈಯನ್ನಷ್ಟೇ ಕಾಯುತ್ತದೆ, ಒಳಹೊಕ್ಕ ಸೋಂಕನ್ನು ಮುಟ್ಟದು. ಮಳೆಗೆ ಮುಂಚೆ ಹೊಡೆದೂ ಪ್ರಯೋಜನವಿಲ್ಲದಿದ್ದರೆ ರೋಗದೆಲೆಯನ್ನು ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗಕ್ಕೆ ಒಯ್ಯಿರಿ, ರೋಗಾಣುವನ್ನು ತಾಮ್ರ ಬೆರೆಸಿದ ಅಗರ್ ತಟ್ಟೆಯ ಮೇಲೆ ಬೆಳೆಸಿ ನೋಡುವಂತೆ ಕೇಳಿ. ನಿರೋಧಕ ತಳಿಯಾಗಿದ್ದರೆ ತಾಮ್ರದ ಜೊತೆ ಮ್ಯಾಂಕೊಜೆಬ್ ಶಿಲೀಂಧ್ರನಾಶಕ ಬೆರೆಸುವುದು ಬಳಕೆಯಲ್ಲಿರುವ ಕ್ರಮ. ಬರೀ ತಾಮ್ರದ ಪ್ರಮಾಣ ಏರಿಸಿದರೆ ಎಲೆ ಸುಡುತ್ತದೆ, ನಿರೋಧಕ ತಳಿಯೇ ಉಳಿದು ಹಬ್ಬುತ್ತದೆ.