ಸೀ ಕಯಾಕ್‌ಗೆ ರಡ್ಡರ್ ಬೇಕಾ, ಬೇಡ್ವಾ?

ಮೊದಲನೇ ಸಲ ಸೀ ಕಯಾಕ್ (ಸಮುದ್ರದಲ್ಲಿ ಹುಟ್ಟು ಹಾಕ್ಕೊಂಡು ಹೋಗೋ ಉದ್ದನೆ ಸಣ್ಣ ಬೋಟ್) ತಗೋತಿದೀನಿ, ರಡ್ಡರ್ (ಹಿಂಭಾಗದಲ್ಲಿರೋ, ಕಾಲಿನ ಪೆಡಲ್ ಒತ್ತಿ ಕೇಬಲ್‌ನಿಂದ ತಿರುಗಿಸೋ ಚುಕ್ಕಾಣಿ) ಇರೋದು ತಗೊಳ್ಲಾ, ಪ್ಯಾಡಲ್ ಮಾಡೋಕೆ, ಅಂದ್ರೆ ಹುಟ್ಟು ಹಾಕೋಕೆ, ಬರದೇ ಇರೋರಿಗೆ ಮಾತ್ರ ಅದು ಬೇಕು ಅಂತಾರಲ್ಲ ನಿಜಾನಾ ಅಂತ ಕೇಳಿದೀರ. ನಿಜ ಅಲ್ಲ. ರಡ್ಡರ್ ಇರೋದೇ ತಗೊಳ್ಳಿ, ಆದ್ರೆ ಶುರುನಲ್ಲಿ ಅದನ್ನ ಮೇಲೆತ್ತಿಟ್ಟೇ ಕಲೀರಿ.

ರಡ್ಡರ್ ಇರೋದು ಬೋಟ್ ತಿರುಗಿಸೋಕೆ ಅಂತ ತುಂಬಾ ಜನ ಅನ್ಕೋತಾರೆ, ಅದರ ಮುಖ್ಯ ಕೆಲಸ ಗಾಳೀಲಿ ದಾರಿ ತಪ್ಪದ ಹಾಗೆ ನೋಡ್ಕೊಳೋದು. ಕಯಾಕ್ ಮುಂದೆ ಹೋಗ್ತಿರುವಾಗ ಮೂತಿ ನೀರನ್ನ ಸೀಳ್ಕೊಂಡು ಹೋಗುತ್ತಲ್ಲ, ಅಲ್ಲಿ ಎರಡೂ ಕಡೆ ನೀರಿನ ಒತ್ತಡ ಜಾಸ್ತಿ ಇರೋದ್ರಿಂದ ಮೂತಿ ಸುಲಭಕ್ಕೆ ಪಕ್ಕಕ್ಕೆ ಸರಿಯಲ್ಲ, ಹಿಂಭಾಗಕ್ಕೆ ಆ ಹಿಡಿತ ಇಲ್ಲ, ಹಾಗಾಗಿ ಪಕ್ಕದಿಂದ ಗಾಳಿ ಬೀಸಿದ್ರೆ ಹಿಂಭಾಗ ಜಾರಿ ಮೂತಿ ಗಾಳಿ ಬರೋ ಕಡೆಗೇ ತಿರುಗ್ತಾ ಇರುತ್ತೆ. ಅದನ್ನ ಸರಿ ಮಾಡೋಕೆ ಒಂದೇ ಕಡೆ ಜಾಸ್ತಿ ಎಳೀಬೇಕು, ಗಂಟೆಗಟ್ಲೆ ಹಾಗೆ ಮಾಡಿದ್ರೆ ಆ ಕಡೆ ಭುಜ, ಮಣಿಕಟ್ಟು ಎರಡೂ ಸೋತು ಹೋಗುತ್ತೆ. ರಡ್ಡರ್ ಇಳಿಸಿದ್ರೆ ಆ ಜಗಳ ಕಾಲಿಗೆ ಬಿಟ್ಟು ಕೈ ಎರಡನ್ನೂ ಮುಂದೆ ಹೋಗೋಕೇ ಬಳಸಬಹುದು. ಇದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ ರೀ! ಹಿಂದಿನಿಂದ ಓರೆಯಾಗಿ ಅಲೆ ಬರ್ತಿದ್ರೆ, ಲಗೇಜ್ ತುಂಬಿ ದೂರ ಹೋಗ್ತಿದ್ರೆ ನಾನು ಯೋಚನೆ ಮಾಡ್ದೇ ಇಳಿಸ್ತೀನಿ. ಇಬ್ಬರು ಕೂರೋ ಕಯಾಕ್‌ಗಂತೂ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಗಿದ್ರೆ ಮೇಲೆತ್ತಿಟ್ಟು ಯಾಕೆ ಕಲೀಬೇಕು? ಯಾಕಂದ್ರೆ ಕೇಬಲ್ ಕಿತ್ತು ಹೋಗಬಹುದು, ಕಡಿದಾದ ಅಲೆ ಬಂದಾಗ ಹಿಂಭಾಗ ಮೇಲೆದ್ದು ರಡ್ಡರ್ ಗಾಳೀಲಿ ನೇತಾಡ್ತಿರುತ್ತೆ, ಸರಿಯಾಗಿ ಬೇಕಾದ ಹೊತ್ತಲ್ಲೇ ಕೈ ಕೊಡುತ್ತೆ. ಆಗ ಬೋಟನ್ನ ಸೊಂಟದಿಂದ ಗಾಳಿ ಬರೋ ಕಡೆಗೆ ಸ್ವಲ್ಪ ವಾಲಿಸಿ, ಅದೇ ಕಡೆ ಪ್ಯಾಡಲ್‌ನ ಅಗಲವಾಗಿ ಬೀಸಿ ಎಳೆದ್ರೆ ಮೂತಿ ಗಾಳಿಯಿಂದ ಆಚೆ ತಿರುಗುತ್ತೆ. ಇದು ಮೈಗೆ ಹತ್ತೋವರೆಗೂ ದಡದ ಹತ್ರ, ಸಣ್ಣ ಗಾಳೀಲಿ, ಜೊತೆಗೆ ಗೊತ್ತಿರೋರನ್ನ ಇಟ್ಕೊಂಡು ಪ್ರಾಕ್ಟೀಸ್ ಮಾಡಿ.

ತಗೊಳೋ ಮುಂಚೆ ಒಳಗೆ ಕೂತು ಪೆಡಲ್ ಒತ್ತಿ ನೋಡೋದು ಮರೀಬೇಡಿ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೆಲವದ್ರಲ್ಲಿ ಪೂರ್ತಿ ಪೆಡಲ್ಲೇ ಹಿಂದೆ ಮುಂದೆ ಜಾರುತ್ತೆ, ಕಾಲು ಊರೋಕೆ ಗಟ್ಟಿ ಜಾಗನೇ ಸಿಗಲ್ಲ, ಕಾಲು ಊರದೇ ಇದ್ರೆ ಪ್ಯಾಡಲ್‌ಗೆ ಜೋರೂ ಬರಲ್ಲ ಅಲೇಲಿ ಬ್ಯಾಲೆನ್ಸೂ ಇರಲ್ಲ. ಪೆಡಲ್ ಅಲುಗಾಡದೇ ನಿಂತು, ಮೇಲಿನ ತುದಿ ಮಾತ್ರ ಕಾಲ್ಬೆರಳಲ್ಲಿ ಒತ್ತೋಕೆ ಬರೋ ತರದ್ದು ನೋಡಿ.

ರಡ್ಡರ್ ಬದಲು ಸ್ಕೆಗ್ (ಬೋಟಿನ ತಳದ ಗೂಡಿಂದ ನೀರಿಗೆ ಇಳಿಸೋ ಸಣ್ಣ ರೆಕ್ಕೆ) ಇರೋದು ಸಿಕ್ರೆ ಅದೂ ಒಳ್ಳೇದೇ, ಅದು ತಿರುಗಲ್ಲ, ಎಷ್ಟು ಇಳಿಸ್ತೀರ ಅನ್ನೋದ್ರ ಮೇಲೆ ಗಾಳಿಗೆ ಬೋಟ್ ಹೇಗೆ ನಿಲ್ಲುತ್ತೆ ಅಂತ ಹೊಂದಿಸ್ಕೋಬಹುದು. ಆದ್ರೆ ಅದರ ಗೂಡಲ್ಲಿ ಸಣ್ಣ ಕಲ್ಲು ಸಿಕ್ಕಾಕೊಂಡ್ರೆ ಇಳಿಯೋದೇ ಇಲ್ಲ, ಹೊರಡೋ ಮುಂಚೆ ಒಂದ್ಸಲ ಇಳಿಸಿ ಎತ್ತಿ ನೋಡ್ಕೊಳ್ಳಿ.

ಇನ್ನೊಂದು, ದಡಕ್ಕೆ ಬರುವಾಗ, ಹಿಂದಕ್ಕೆ ಹೋಗುವಾಗ, ನೀರಿಗೆ ಬಿದ್ದಿರೋರ ಹತ್ರ ಹೋಗುವಾಗ ರಡ್ಡರ್ ಮೇಲೆತ್ತಿಬಿಡಿ, ಅದರ ಅಂಚು ತಲೆಗೋ ಮುಖಕ್ಕೋ ತಗುಲಿದ್ರೆ ಕೆಟ್ಟ ಗಾಯ ಆಗುತ್ತೆ.