ಜ್ವರ ಬಂದವರ ಲಿಸ್ಟ್ ಯಾರಿಗೆ ಕೊಡ್ಲಿ?

ಪ್ರಶ್ನೆ: 200 ಜನ ಕೆಲ್ಸ ಮಾಡೋ ಕಡೆ ನಾನು ಎಚ್‌ಆರ್. ಎರಡು ವಾರದಿಂದ ಸೋಂಕು ಹರಡ್ತಿದೆ. ಯಾರ್ಯಾರಿಗೆ ಪಾಸಿಟಿವ್ ಅಂತ ಲಿಸ್ಟ್ ಕೊಡಿ ಅಂತ ಮ್ಯಾನೇಜರ್‌ಗಳು ಬೆನ್ನು ಬಿದ್ದಿದಾರೆ, ಮುಚ್ಚಿಡ್ತಿದೀರ ಅಂತ ಸ್ಟಾಫ್ ರೇಗ್ತಾರೆ, ಇನ್ನು ಕೆಲವ್ರು ಮಾತ್ರೆ ನುಂಗ್ಕೊಂಡೇ ಡ್ಯೂಟಿಗೆ ಬರ್ತಾರೆ. ದಿನಾ ಮೇಲ್ ಹಾಕ್ತೀನಿ, ಓದೋರಿಲ್ಲ. ನಂಗೂ ನಿದ್ದೆ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ರಜೆ, ಸಂಬಳದಿಂದ ಶುರು ಮಾಡಿ, ಮೇಲ್ ಆಮೇಲೆ ನೋಡೋಣ. 2020ರಲ್ಲಿ ನಾನೂ ನಿಮ್ಮ ಜಾಗದಲ್ಲೇ ಇದ್ದೆ, ಬಾಗಿಲಲ್ಲಿ ಟೆಂಪರೇಚರ್ ಗನ್ ಹಿಡ್ಕೊಂಡು ನಿಂತಿರ್ತಿದ್ವಿ, ಪ್ಯಾಕಿಂಗ್ ಸೆಕ್ಷನ್‌ನ ಒಬ್ರು ಬೆಳಿಗ್ಗೆ ನಾರ್ಮಲ್ ತೋರಿಸಿ ಒಳಗೆ ಹೋದ್ರು, ಮಧ್ಯಾಹ್ನ ಮಾತ್ರೆ ಪವರ್ ಇಳಿದ ಮೇಲೆ ನೋಡಿದ್ರೆ ಗೋಡೆಗೆ ಒರಗಿ ನಡುಗ್ತಾ ಕೂತಿದ್ದಾರೆ. ಯಾಕೆ ಬಂದ್ರಿ ಅಂದ್ರೆ "ರಜೆ ಸೊನ್ನೆ ಆಗಿದೆ ಮೇಡಂ" ಅಂದ್ರು. ಅಷ್ಟೇ ವಿಷ್ಯ. ಕೊರೋನಾ ಅಂತೂ ಲಕ್ಷಣ ಕಾಣೋಕೆ ಒಂದೆರಡು ದಿನ ಮುಂಚೆನೇ ಹರಡ್ತಿತ್ತು, ಗನ್ ಹಿಡಿದು ಅದನ್ನ ತಡೆಯೋಕಾಗುತ್ತಾ?

ಅದಕ್ಕೇ ಸೋಂಕಿಗೆ ಅಂತ ಬೇರೆ ರಜೆ ಕೇಳಿ, ಸಂಬಳ ಸಮೇತ, ಮೊದಲ ಮೂರು ದಿನ ಸರ್ಟಿಫಿಕೇಟ್ ಬೇಡ ಅನ್ನಿ. ಕಾಂಟ್ರಾಕ್ಟ್‌ನವರು, ಕ್ಲೀನಿಂಗ್‌ನವರು, ಸೆಕ್ಯುರಿಟಿಯವರೂ ಅದರಲ್ಲಿ ಇರ್ಲೇಬೇಕು, ಎಲ್ಲರೂ ಮರೆಯೋದು ಅವರನ್ನೇ. ಖರ್ಚು ಅಂತಾರೆ ಮೇಲಿನವರು, ಆಗ ಒಬ್ಬರ ಐದು ದಿನದ ಸಂಬಳದ ಪಕ್ಕ ಇಡೀ ಶಿಫ್ಟ್ ನಿಂತ್ರೆ ಆಗೋ ನಷ್ಟ ಬರೆದು ತೋರಿಸಿ. ಮಾಸ್ಕ್ ದುಡ್ಡು ಸಂಬಳದಲ್ಲಿ ಹಿಡಿಯೋ ಮಾತು ಬಂದ್ರೆ ಖಡಾಖಂಡಿತ ಬೇಡ ಅನ್ನಿ. ಸುರಕ್ಷತೆ ಖರ್ಚು ಕೆಲಸಗಾರರ ಮೇಲೆ ಬೀಳಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಪ್ಪಂದದಲ್ಲೇ ಇದೆ.

ಲಿಸ್ಟ್ ಮಾತ್ರ ಮ್ಯಾನೇಜರ್‌ಗಳಿಗೆ ಕೊಡ್ಬೇಡಿ. ಯಾರು ಎಲ್ಲಿವರೆಗೆ ರಜೆ ಅಂತ ಗೊತ್ತಾದ್ರೆ ಅವರಿಗೆ ಸಾಕು, ಯಾಕೆ ಅನ್ನೋದು ಬೇಕಿಲ್ಲ. ಕಾನೂನು ಪ್ರಕಾರ ಆರೋಗ್ಯ ಇಲಾಖೆ ಕೇಳಿದ್ರೆ ಅವರಿಗಷ್ಟೇ. ಹತ್ರ ಇದ್ದೋರಿಗೆ ನೀವೇ ಫೋನ್ ಮಾಡಿ, ಮಂಗಳವಾರ ನಿಮ್ಮ ಜೊತೆ ಕೆಲ್ಸ ಮಾಡಿದ ಒಬ್ರಿಗೆ ಪಾಸಿಟಿವ್ ಬಂದಿದೆ, ಟೆಸ್ಟ್ ಮಾಡಿಸ್ಕೊಳ್ಳಿ ಅನ್ನಿ. ಹೆಸರು ಅವರು ಊಹೆ ಮಾಡ್ತಾರೆ, ನಿಜ, ಆದ್ರೂ ನಿಮ್ಮ ಬಾಯಿಂದ ಬರಬಾರದು, ಒಂದ್ಸಲ ಬಂತು ಅಂದ್ರೆ ಮುಂದಿನವರು ಜ್ವರ ಬಂದಿದ್ದನ್ನೇ ಹೇಳಲ್ಲ.

ಮೇಲ್ ಕಮ್ಮಿ ಮಾಡಿ. ವಾರಕ್ಕೆ ಎರಡು ಸಲ, ಏನು ತೀರ್ಮಾನ ಆಯ್ತು, ಯಾವುದು ಇನ್ನೂ ಆಗಿಲ್ಲ, ಮುಂದಿನ ಸುದ್ದಿ ಯಾವಾಗ, ಇಷ್ಟನ್ನ ಶಿಫ್ಟ್ ಶುರುವಲ್ಲಿ ಸೂಪರ್‌ವೈಸರ್ ಓದಿ ಹೇಳಲಿ.

ಹುಷಾರಿಲ್ಲದೋರಿಗೆ ಫೋನ್ ಮಾಡಿದಾಗ ದಯವಿಟ್ಟು "ಯಾವಾಗ ಬರ್ತೀರ" ಅಂತ ಕೇಳ್ಬೇಡಿ. ಮನೇಲಿ ಜೊತೆಗೆ ಯಾರಿದಾರೆ, ಔಷಧಿ ತಂದ್ಕೊಡೋರು ಇದಾರಾ ಅಂತ ಕೇಳಿ. ವಾಪಸ್ ಬಂದ ಮೇಲೂ ಕೆಲವ್ರಿಗೆ ವಾರಗಟ್ಟಲೆ ಸುಸ್ತು ಇರುತ್ತೆ, ಮೊದಮೊದಲು ಅರ್ಧ ದಿನ ಕೆಲ್ಸ ಕೊಡಿ.

ಇನ್ನು ನಿಮ್ಮ ನಿದ್ದೆ. ಎಲ್ಲರ ಫೋನೂ ನಿಮಗೇ ಬರ್ತಿದ್ರೆ ನೀವು ಉಳಿಯಲ್ಲ. ಇನ್ನಿಬ್ಬರನ್ನ ಸೇರಿಸ್ಕೊಂಡು ಸರದಿ ಮಾಡ್ಕೊಳ್ಳಿ, ಇವತ್ತು ರಾತ್ರಿ ಆ ಫೋನ್ ಅವರಲ್ಲೊಬ್ಬರ ಹತ್ರ ಇರ್ಲಿ, ರಜೆ ವಿಷ್ಯ ಮಾತಾಡೋಕೆ ನಾಳೆ ಬೆಳಿಗ್ಗೆ ಮೇಲಿನವರ ರೂಮಿಗೆ ನಿದ್ದೆ ಮಾಡಿಯೇ ಹೋಗಿ.